ಹಳೇ ಹಳ್ಳಿಯಲ್ಲಿ ಕಂಡ ನಮ್ಮ ಕೂರಿಗೆ

ಆ ದಿನ ನನಗೆ ಹದಿನಾಲ್ಕು ರೂಪಾಯಿ ಖರ್ಚಾಯಿತು. ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗಿಬರುವ ಬಸ್ ಚಾರ್ಜು, ಅಲ್ಲಿ ನಡೆದಿದ್ದ ರೈತರ ಪ್ರದರ್ಶನದ ಒಳಗೆ ಬಿಡುವ ಟಿಕೀಟು, ಮಕ್ಕಳಿಗೆ ಮಂಡಕ್ಕಿ ಮಿರ್ಚಿ, ಅಪ್ಪನಿಗೆ ಎರಡು ಸಲ ಚಹಾ. ಸಣ್ಣ ಮಗಳಿಗೆ ಅರ್ಧ ಟಿಕೀಟು ಬೇಡವೆಂದು ಕಂಡಕ್ಟರನ ಜೊತೆ ಮಸ್ಕಿಯ ತನಕ ವಾದ ಮಾಡಿ ಗೆದ್ದಿದ್ದೆ. ಇಲ್ಲದಿದ್ದರೆ ಇನ್ನೂ ಹೆಚ್ಚಾಗುತ್ತಿತ್ತು.

ಸುಮ್ಮನೆ ತಿರುಗಾಡಲು ದುಡ್ಡು ಬಿಚ್ಚುವ ಮನುಷ್ಯ ನಾನಲ್ಲ. ಬಿಚ್ಚಿದ್ದು ಯಾಕೆಂದರೆ, ಹಿಂಗಾರಿ ಬಿತ್ತನೆ ಹತ್ತಿರ ಬಂದಿತ್ತು ಮತ್ತು ಅಪ್ಪ ದಿನಾ ಬೆಳಿಗ್ಗೆ ಒಂದೇ ಮಾತು ಕೇಳುತ್ತಿದ್ದ: "ಕೂರಿಗಿ ಬಡಿಗ್ಯಾನ ಮನಿಂದ ಬಂತೇನು?" ಒಂದು ದಿನವಾದರೂ ಅವನ ಬಾಯಿಗೆ ಬೇರೆ ಮಾತು ಬರಲಿ ಎಂದು ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಅಪ್ಪ ಎಲ್ಲರನ್ನೂ ಹೊರಡಿಸಿದೆ.

ಕೂರಿಗೆ ಬಡಿಗನ ಮನೆಯಲ್ಲಿ ಇರಲಿಲ್ಲ. ಬೇಸಿಗೆಯಲ್ಲೇ ನಾನು ಅದನ್ನು ಮಾರಿದ್ದೆ.

ಕಾಲುವೆ ಬಂದ ಮೇಲೆ ನಮ್ಮ ದಢೇಸುಗೂರಿನ ಹೊಲ ಗದ್ದೆಯಾಯಿತು. ಗದ್ದೆಗೆ ಸಸಿ ನಾಟಿ ಮಾಡುತ್ತಾರೆ, ಕೂರಿಗೆಯ ಕೆಲಸವೇ ಇಲ್ಲ. ನಾನು ಭತ್ತದ ದಲ್ಲಾಳಿತನಕ್ಕೆ ಇಳಿದು, ಸಿಂಧನೂರಿನಲ್ಲಿ ಮನೆ ಮಾಡಿ, ನಾಲ್ಕು ಮಂದಿ ಎದ್ದು ಕೂಡಿಸುವ ಹಾಗಾದೆ. ಆದರೆ ಪಾಮನಕಲ್ಲೂರಿನ ಕಡೆ ಕಾಲುವೆ ನೀರು ಹತ್ತದ ಎಂಟು ಎಕರೆ ಎರೆಹೊಲ ಉಳಿದಿತ್ತು. ಅಪ್ಪ ಪ್ರತಿ ವರ್ಷ ಅಲ್ಲಿ ಬಿಳಿಜೋಳ ಬಿತ್ತುತ್ತಿದ್ದ. ಆ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ ಹಾಕಿ ಅವನನ್ನು ಮನೆಯಲ್ಲಿ ಕೂಡಿಸಬೇಕೆಂಬುದು ನನ್ನ ಲೆಕ್ಕ. ಕೂರಿಗೆ ಇಲ್ಲದಿದ್ದರೆ ಬಿತ್ತುವ ಹಟವೂ ಹೋಗುತ್ತದೆ ಎಂದುಕೊಂಡೆ.

ಅಂಥದ್ದರಲ್ಲಿ ಹಳೇ ಸಾಮಾನು ಕೊಳ್ಳುವ ಗುತ್ತೇದಾರನೊಬ್ಬ ಬಂದ. ಅಪ್ಪ ಆಗ ಬೀಗರ ಊರಿಗೆ ಹೋಗಿದ್ದ. ಗುತ್ತೇದಾರ ಇಪ್ಪತ್ತು ಅಂದ, ನಾನು ನಲವತ್ತು ಅಂದೆ, ಮೂವತ್ತೆರಡಕ್ಕೆ ಸೌದಾ ಮುಗಿಯಿತು. ಬಂಡಿ ಬಾಡಿಗೆಯನ್ನೂ ಅವನ ಮೇಲೆಯೇ ಹಾಕಿದೆ. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದಕ್ಕೆ "ಹೈದರಾಬಾದಿಗೆ" ಅಂದ. ದೂರ ಆಯಿತಲ್ಲ ಎಂದು ಖುಷಿಪಟ್ಟೆ. ಅಪ್ಪ ಬಂದಾಗ, ಒಂದು ತಾಳು ಸಡಿಲಾಗಿತ್ತು, ಬಡಿಗನಿಗೆ ಕೊಟ್ಟಿದ್ದೇನೆ ಎಂದೆ.

ನೋಡದವರಿಗೆ ಹೇಳುತ್ತೇನೆ. ಕೂರಿಗೆ ಅಂದರೆ ಎತ್ತು ಎಳೆಯುವ ಬಿತ್ತನೆಯ ಸಾಧನ. ಕೆಳಗೆ ನೆಲ ಸೀಳುವ ತಾಳುಗಳು, ಅವಕ್ಕೆ ಬಿದಿರ ಕೊಳವೆ, ಕೊಳವೆಗಳೆಲ್ಲ ಕೂಡುವ ಕಡೆ ಮೇಲೊಂದು ಕಟ್ಟಿಗೆಯ ಬಟ್ಟಲು. ಗಂಡಸು ಕೂರಿಗೆ ಹಿಡಿದು ಎತ್ತು ಹೊಡೆಯುತ್ತಾನೆ, ಹೆಂಗಸು ಹಿಂದೆ ನಡೆಯುತ್ತ ಬಟ್ಟಲಿಗೆ ಬೀಜ ಬಿಡುತ್ತಾಳೆ. ಮುಷ್ಟಿ ಬಿಗಿಯಾದರೆ ಸಾಲು ಖಾಲಿ, ಸಡಿಲಾದರೆ ಬೀಜ ರಾಶಿ. ನಮ್ಮ ಕೂರಿಗೆಗೆ ಇಪ್ಪತ್ತು ವರ್ಷ ಬೀಜ ಬಿಟ್ಟವಳು ಅವ್ವ. ಬಿತ್ತುವ ದಿನ ಅದಕ್ಕೆ ಸೀರೆ ಉಡಿಸಿ, ಹಸಿರು ಬಳೆ ಇಟ್ಟು, ಮಗಳಿಗೆ ತುಂಬುವ ಹಾಗೆ ಉಡಿ ತುಂಬುತ್ತಿದ್ದರು. ಅವ್ವ ತೀರಿಕೊಂಡ ವರ್ಷ ಅಪ್ಪ ಹೊಸ ಸೀರೆ ತರಗೊಡಲಿಲ್ಲ, ಅವಳದೇ ಒಂದನ್ನು ಉಡಿಸಿದ. ಅದಾಗಿ ಮೂರು ವರ್ಷವಾಗಿತ್ತು.

ಲಿಂಗಸುಗೂರಿನ ಹೊರಗಿನ ಬಯಲಿನಲ್ಲಿ ಪ್ರದರ್ಶನ ಎರಡು ಭಾಗವಾಗಿತ್ತು. ಒಂದು ಕಡೆ ಹೊಸ ಹಳ್ಳಿ: ಪಂಪುಸೆಟ್ಟು, ಗೊಬ್ಬರದ ಚೀಲ, ಬಣ್ಣ ಬಳಿದ ಮನೆ. ಇನ್ನೊಂದು ಕಡೆ ಹಗ್ಗ ಕಟ್ಟಿ ಹಳೇ ಹಳ್ಳಿ ಮಾಡಿದ್ದರು. ಎರಡು ಗುಡಿಸಲು, ತಿರುಗುವ ಎಣ್ಣೆಗಾಣ, ಮಡಕೆ ಮಾಡುವ ಕುಂಬಾರ, ಕಂಬಳಿ ನೇಯುವ ಮುದುಕ. ಎಲ್ಲ ಜೀವಂತ ಮಂದಿ, ದಿನಗೂಲಿಯ ಮೇಲೆ ತಮ್ಮ ಕೆಲಸವನ್ನೇ ಮಾಡಿ ತೋರಿಸುತ್ತಿದ್ದರು. ಮಕ್ಕಳಿಗೆ ಗಾಣದ ಮುಂದಿನಿಂದ ಕಾಲು ಕೀಳಲು ಮನಸ್ಸಿಲ್ಲ. ಅಪ್ಪ ಕಂಬಳಿಯವನ ಹತ್ತಿರ ಕುಂತು ಉಣ್ಣೆಯ ದರ ಕೇಳಿದ, ನಕ್ಕ. ಖರ್ಚು ದಂಡವಾಗಲಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ತಗಡಿನ ಭೋಂಗಾ ಹಿಡಿದವನೊಬ್ಬ ಕೂಗಿದ, "ನೋಡ್ರಿ, ನಮ್ಮ ಹಿರೇರು ಹಿಂಗ ಬಿತ್ತತಿದ್ದರು."

ಮಡಿ ಧೋತರ ಉಟ್ಟ ಒಬ್ಬ ಜೋಡೆತ್ತು ಹೂಡಿ ಕೂರಿಗೆ ಹೊಡೆಯುತ್ತ ಬಂದ. ಅಂಗಳದಷ್ಟು ಹೊಲ, ಅದರಲ್ಲೇ ಸುತ್ತು.

"ಹಿರೇರಂತ," ಅಂದ ಅಪ್ಪ. "ಹೋದ ವರ್ಷ ಬಿತ್ತೀನೋ ಮಾರಾಯಾ ನಾ. ಇನ್ನಾ ಸತ್ತಿಲ್ಲ."

ಸುತ್ತಲಿನವರು ನಕ್ಕರು. ನಾನೂ ನಕ್ಕೆ. ನೂರು ಕೂರಿಗೆ ಒಂದೇ ಥರ ಇರುತ್ತವೆ, ನನಗೆ ಗುರುತು ಹತ್ತಲಿಲ್ಲ. ಅಪ್ಪ ಮಾತ್ರ ನಗು ನಿಲ್ಲಿಸಿ ಮುಂದೆ ಬಗ್ಗಿ ನೋಡಿದ. "ಲೇ ತಮ್ಮಾ, ಬಟ್ಟಲದಾಗ ಬೀಜ ಎಲ್ಲೆದಾವ? ಖಾಲಿ ಕೂರಿಗಿ ಹೊಲದಾಗ ಹೊಡೀಬಾರದು."

"ಬೀಜ ಯಾಕ್ರೀ ಯಜ್ಜಾ, ಇದು ಬರೇ ತೋರ್ಸಾಕ."

ಅಪ್ಪ ಹಗ್ಗದ ಕೆಳಗೆ ನುಸಿದು ಒಳಗೆ ಹೋದ. ಗುಡಿಸಲ ಮುಂದೆ ನೋಡಲಿಕ್ಕೆಂದು ಇಟ್ಟಿದ್ದ ಜೋಳದ ಬುಟ್ಟಿಯಿಂದ ಒಂದು ಮುಷ್ಟಿ ತುಂಬಿಕೊಂಡು ಬಟ್ಟಲ ಮೇಲೆ ಕೈ ಇಟ್ಟ. ಕೈ ಅಲ್ಲೇ ನಿಂತಿತು. ಬಟ್ಟಲ ಬಲಗಡೆಯ ಅಂಚು ತಗ್ಗಾಗಿ ಸವೆದಿತ್ತು. ಅವ್ವನ ಮುಂಗೈ ಊರುತ್ತಿದ್ದ ಜಾಗ ಅದು. ಅವನು ಹೆಬ್ಬೆಟ್ಟಿನಿಂದ ಆ ತಗ್ಗನ್ನು ಎರಡು ಸಲ ಸವರಿದ.

ದೊಡ್ಡ ಮಗಳು ಹಗ್ಗ ಹಿಡಿದು ನಿಂತವಳು, "ಮುತ್ಯಾ, ಇದು ನಮ್ಮ ಕೂರಿಗಿ ಅಲ್ಲೇನು?" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಯಪ್ಪಾ, ಬಡಿಗ್ಯಾನ ಮನ್ಯಾಗ ಐತಿ ಅಂದಿದ್ದೆಲ್ಲ?"

"ಸುಮ್ಕಿರು ನೀ," ಅಂದಳು ಹೆಂಡತಿ. ನನ್ನ ಕಿವಿಗೆ ಮಾತ್ರ ಬೀಳುವ ಹಾಗೆ, "ಈಗ ಮಾತಾಡ್ರಿ. ಭತ್ತದ ವ್ಯಾಪಾರದಾಗ ಭಾರಿ ಬಾಯಿ ಬರತೈತೆಲ್ಲ," ಅಂದಳು.

ಅಪ್ಪ ನನ್ನನ್ನು ನೋಡಲಿಲ್ಲ. ಎತ್ತಿನ ಕಡೆ ನೋಡುತ್ತಲೇ ಕೇಳಿದ, "ಎಷ್ಟಕ್ಕ ಕೊಟ್ಟಿ?"

"ಮೂವತ್ತೆರಡಕ್ಕ."

"ಕಮ್ಮಿ ಆತು," ಅಂದ.

ಅಷ್ಟೇ. ಬೈಯಲಿಲ್ಲ. ಆಮೇಲೆ ಧೋತರದವನಿಗೆ ಎತ್ತು ಹೊಡೆ ಎಂದು ಹೇಳಿ, ತಾನು ಹಿಂದೆ ನಡೆಯುತ್ತ ಬೀಜ ಬಿಡಲು ಸುರು ಮಾಡಿದ. ಜನ್ಮವಿಡೀ ಕೂರಿಗೆ ಹಿಡಿದ ಕೈ ಅದು, ಬೀಜ ಬಿಟ್ಟ ಕೈ ಅಲ್ಲ. ಜೋಳ ಬಟ್ಟಲ ಹೊರಗೆ ಚೆಲ್ಲುತ್ತಿತ್ತು, ಅವನು ನಡೆಯುತ್ತಲೇ ಇದ್ದ. ಸಾಲು ಮುಗಿದಾಗ ಮಂದಿ ಚಪ್ಪಾಳೆ ಹೊಡೆದರು. ಭೋಂಗಾದವನು, "ನೋಡ್ರಿ, ಯಜ್ಜಾರು ಎಷ್ಟು ಚಂದ ಮಾಡಿ ತೋರ್ಸಿದರು," ಅಂದ.

ನಾನು ಮೇಜು ಹಾಕಿಕೊಂಡು ಕುಂತಿದ್ದ ವ್ಯವಸ್ಥಾಪಕನ ಹತ್ತಿರ ಓಡಿದೆ. ಐವತ್ತು ಅಂದೆ. ಎಪ್ಪತ್ತು ಅಂದೆ. ನೂರರ ನೋಟು ತೆಗೆದು ಮೇಜಿನ ಮೇಲೆ ಇಟ್ಟೆ. ಎದುರಿನವ ಬಾಯಿ ಬಿಡುವ ಮೊದಲೇ ದರ ಏರಿಸಿದ್ದು ನನ್ನ ಬಾಳಿನಲ್ಲಿ ಅದೊಂದೇ ಸಲ.

"ಪಟ್ಟಿಯೊಳಗ ಬರದೈತ್ರಿ," ಅಂದ ಅವನು. "ಪ್ರದರ್ಶನ ಮುಗಿಯೂತನಕ ಕಡ್ಡಿ ಸೈತ ಕೊಡಾಕ ಬರಾಂಗಿಲ್ಲ. ಹುಣ್ಣಿವಿಗೆ ಮುಗೀತೈತಿ, ಅವತ್ತ ಬರ್ರಿ, ಮಾತಾಡೋಣು."

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಕುಂತ. ಮಸ್ಕಿಯಲ್ಲಿ ಚಹಾ ತಂದುಕೊಟ್ಟೆ, ಕುಡಿದ. ಮರುದಿನ ಬೆಳಿಗ್ಗೆ ಅವನು ಕೂರಿಗೆಯ ಸುದ್ದಿ ಕೇಳಲಿಲ್ಲ. ಹದಿನಾಲ್ಕು ರೂಪಾಯಿ ಕೊಟ್ಟು ನಾನು ತರಬೇಕೆಂದಿದ್ದ ಮೌನ ಅದೇ.

ಹುಣ್ಣಿಮೆಯ ದಿನ ಮುಕ್ಕುಂದದಲ್ಲಿ ಎರಡು ಲಾರಿ ಭತ್ತ ತುಂಬಿಸುವುದಿತ್ತು. ಒಂದು ದಿನ ತಡೆದರೆ ಏನಾಗುತ್ತದೆ ಎಂದು ಅಲ್ಲಿಗೆ ಹೋದೆ. ಒಂದು ದಿನ ನಾಲ್ಕಾಯಿತು. ಐದನೆಯ ದಿನ ಲಿಂಗಸುಗೂರಿಗೆ ಹೋದರೆ ಬಯಲು ಖಾಲಿ, ಕಾವಲಿನವ ಒಬ್ಬನೇ ಬೀಡಿ ಸೇದುತ್ತಿದ್ದ.

"ಕಡೀ ದಿನ ದೊಡ್ಡ ಊಟ ಇತ್ರಿ," ಅಂದ. "ಕಟಗಿ ಕಮ್ಮಿ ಬಿತ್ತು. ಅಡಗಿಯವರು ಹಳೇ ಹಳ್ಳ್ಯಾಗಿಂದು ಸಿಕ್ಕಿದ್ದೆಲ್ಲಾ ಒಲಿಗೆ ಹಾಕಿದರು. ಕಬ್ಬಿಣ ಗುಜರಿಯವ ಒಯ್ದ."

ಒಲೆಯ ಬೂದಿ ಕೆದರಿ ನೋಡಿದೆ. ಏನು ಸಿಗುತ್ತದೆ ಅಂದುಕೊಂಡಿದ್ದೆನೋ.

ಊರಿಗೆ ಬಂದವನೇ ಬಡಿಗನ ಬೆನ್ನು ಹತ್ತಿ ಹೊಸ ಕೂರಿಗೆ ಮಾಡಿಸಿದೆ. ಜಾಲಿಯ ಗಟ್ಟಿ ಕಟ್ಟಿಗೆ, ಚೌಕಾಶಿ ಮಾಡದೆ ಕೇಳಿದಷ್ಟು ಕೊಟ್ಟೆ. ಹೊಲದ ಹಸಿ ಇನ್ನೂ ಆರಿರಲಿಲ್ಲ, ಬಿತ್ತಲು ಎಂಟು ದಿನ ಅವಕಾಶ ಇತ್ತು. ಅಂಗಳದಲ್ಲಿ ಇಳಿಸಿದಾಗ ಅಪ್ಪ ಸುತ್ತಲೂ ನಡೆದು, ತಾಳು ಅಲುಗಾಡಿಸಿ ನೋಡಿದ.

"ಚಲೋ ಮಾಡ್ಯಾನ," ಅಂದ. "ಬಿತ್ತು."

"ನೀ ಬಿತ್ತಬೇಕಂತ ಮಾಡ್ಸೀನಿ ಯಪ್ಪಾ."

"ಇದು ನಿಂದು. ನೀ ಬಿತ್ತು," ಅಂದು ಒಳಗೆ ಹೋದ.

ನನಗೆ ಕೂರಿಗೆ ಹಿಡಿಯಲು ಬರುವುದಿಲ್ಲ. ಎಂಟು ಎಕರೆ ಆ ವರ್ಷ ಬೀಳು ಬಿತ್ತು, ಮರುವರ್ಷ ಲಾವಣಿಗೆ ಹೋಯಿತು. ನಾನು ಬಯಸಿದ ಹಾಗೆಯೇ ಎಲ್ಲ ಆಯಿತು. ಅಪ್ಪ ಮನೆಯಲ್ಲಿ ಕುಂತ.

ಅದಕ್ಕೇ ಹೇಳುತ್ತೇನೆ, ಕೇಳಿ. ಮನೆಯ ಹಳೇ ಸಾಮಾನು ಮಾರುವುದಿದ್ದರೆ ಹಿರಿಯರು ಊರಲ್ಲಿ ಇದ್ದಾಗ ಮಾರಿ. ಅದನ್ನು ಅಂಗಳಕ್ಕೆ ತಂದಿಡಿ, ಅವರು ಮುಟ್ಟಿ ನೋಡಲಿ. ಕೈ ಒಂದು ಕಡೆ ನಿಂತರೆ ಗಿರಾಕಿಗೆ ಚಹಾ ಕುಡಿಸಿ ಕಳಿಸಿಬಿಡಿ, ದರ ಎಷ್ಟೇ ಹೇಳಿರಲಿ. ಕೊಂಡವನು ದೂರದ ಊರಿನ ಹೆಸರು ಹೇಳಿದರೆ ನಂಬಬೇಡಿ. ವಾಪಸು ತರಲು ಒಂದು ದಿನ ಗೊತ್ತುಮಾಡಿದ್ದರೆ ಆ ದಿನ ನಸುಕಿನಲ್ಲೇ ಬಂಡಿ ಕಟ್ಟಿಕೊಂಡು ಅಲ್ಲಿ ನಿಲ್ಲಿ. ಭತ್ತದ ಲಾರಿ ಕಾಯುತ್ತದೆ, ಅಡುಗೆಯವರು ಕಾಯುವುದಿಲ್ಲ.