ಬೀರಪ್ಪ ಕಾಕಾನ ಬೆಸುಗೆ

ಬೆಸುಗೆಯ ಮೇಸ್ತ್ರಿ ಬೀರಪ್ಪ ಕಾಕಾ ಕಣ್ಣು ಮುಚ್ಚಿಕೊಂಡು ಹಡಗನ್ನು ಸವರುತ್ತಿದ್ದರು. ಬೆಸುಗೆ ಆರಿದ ಮೇಲೆ ಕೈಗವಸು ಕಳಚಿ, ಉದ್ದಕ್ಕೂ ಬೆರಳಾಡಿಸುವರು. ಚೆನ್ನಾಗಿದ್ದರೆ ‘ಹೂಂ’, ಕೆಟ್ಟಿದ್ದರೆ ‘ಕೆತ್ತಿ ತಗೀರಿ’. ಮೂರನೆಯ ಮಾತಿಲ್ಲ. ನಾಗನೂರಿನ ಕುರುಬರ ಮನೆಯವರು. ಸಂತೆಯಲ್ಲಿ ಕುರಿಯ ಬೆನ್ನು ಹಿಚುಕಿ ನೋಡಿ ಪಳಗಿದ ಕೈ ಅದು.

ನಾನು ಅದೇ ಸೀಮೆಯ ಕಣಗಲಾ ಊರಿನವಳು, ಕೊಂಕಣ ತೀರದ ಹಡಗುಕಟ್ಟೆಯಲ್ಲಿ ನಕ್ಷೆ ಮಾಡುವ ಇಂಜಿನಿಯರು. ಊರು ಕೇಳಿದ ದಿನವೇ ಕಾಕಾ ನನ್ನನ್ನು ಮೇಡಮ್ಮ ಎನ್ನುವುದು ಬಿಟ್ಟು ತಂಗಿ ಎಂದರು. ಈಗಿನ ಹಡಗನ್ನು ತಳದಿಂದ ಮೇಲಕ್ಕೆ ಒಂದೇ ಕಡೆ ಕಟ್ಟುವುದಿಲ್ಲ. ಮನೆಗಾತ್ರದ ತುಂಡುಗಳನ್ನು ಬೇರೆ ಬೇರೆ ಶೆಡ್ಡಿನಲ್ಲಿ, ಎಷ್ಟೋ ಸಲ ತಲೆಕೆಳಗಾಗಿ ಕಟ್ಟಿ, ಕ್ರೇನಿನಲ್ಲಿ ಎತ್ತಿ ತಂದು ಜೋಡಿಸುತ್ತಾರೆ. ಹೊಸದರಲ್ಲಿ ನಾನು, ತಲೆಕೆಳಗೆ ಯಾಕೆ ಕಾಕಾ ಎಂದು ಕೇಳಿ ನಗೆಪಾಟಲಾಗಿದ್ದೆ.

‘ನೀ ರೊಟ್ಟಿ ಹಂಚಿನ ಮ್ಯಾಲ ಬೇಯಸ್ತೀಯೋ, ಜಂತಿಗೆ ಅಂಟಿಸಿ ಬೇಯಸ್ತೀಯೋ? ಬೆಸುಗೀನೂ ಹಂಗ, ಕೆಳಗಿದ್ರ ಹಗುರ.’

ಬೆಸುಗೆಯ ಬಿಸಿಗೆ ಉಕ್ಕು ಕುಗ್ಗುತ್ತದೆ. ಅದಕ್ಕೆಂದೇ ಅಳತೆಯಲ್ಲಿ ತುಸು ಹೆಚ್ಚು ಬಿಡಬೇಕು. ಒಂದು ತುಂಡಿನಲ್ಲಿ ನಾನು ಬಿಡಲು ಮರೆತೆ. ಕಂಬಳಿ ನೇಯುವವರ ಮನೆಯಲ್ಲಿ ಯಾರೂ ಮಾಡದ ತಪ್ಪು; ನೀರು ಕಂಡ ಉಣ್ಣೆ ಎಷ್ಟು ಕುಗ್ಗುತ್ತದೆಂದು ಅವರು ಮಗ್ಗಕ್ಕೆ ಕೂರುವ ಮೊದಲೇ ಲೆಕ್ಕ ಹಿಡಿದಿರುತ್ತಾರೆ. ನಾನು ಓದಿದವಳು, ಮರೆತೆ.

ಕ್ರೇನು ಆ ತುಂಡನ್ನು ಇಳಿಸಿದಾಗ ಹಡಗಿನ ತಳದಲ್ಲಿ ಎರಡು ಪ್ಲೇಟುಗಳ ನಡುವೆ ಹೆಬ್ಬೆರಳು ತೂರುವಷ್ಟು ಸಂದು. ನೀರಿಗಿಳಿಸಲು ಹತ್ತೇ ದಿನ ಉಳಿದಿತ್ತು. ಸಂದಿಗೆ ಸರಳು ತುರುಕಿ, ಮೇಲೆ ಬೆಸೆದು, ಉಜ್ಜಿ ಬಣ್ಣ ಬಳಿದುಬಿಡಿ, ಪರೀಕ್ಷೆಯವರು ಅಲ್ಲಲ್ಲಿ ಮಾತ್ರ ನೋಡುತ್ತಾರೆ ಎಂದ ಮೇಲ್ವಿಚಾರಕ. ನನ್ನ ತಪ್ಪೂ ಆ ಬಣ್ಣದಡಿ ಮುಚ್ಚಿಹೋಗುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಹಾಯೆನಿಸಿತು.

ಕಾಕಾ ಕೈಯಲ್ಲಿದ್ದುದನ್ನೆಲ್ಲ ಕೆಳಗಿಟ್ಟು ಸಂದಿನ ಮುಂದೆ ಕುಳಿತುಬಿಟ್ಟರು.

‘ಮ್ಯಾಲ ಬಸಪ್ಪ, ಒಳಗ ವಿಷಪ್ಪ. ನನ್ನ ಕೈಲೆ ಆಗೂದಿಲ್ಲರಿ.’

ಕೆಲಸದಿಂದ ತೆಗೆಸುತ್ತೇನೆಂದು ಅವನು ಹೆದರಿಸಿದ. ನಾಗನೂರಿನಲ್ಲಿ ಇನ್ನೂ ಕುರಿ ಇವೆ, ಕಾಯ್ದುಕೊಂಡಿರುತ್ತೇನೆ ಎಂದರು ಕಾಕಾ. ಮೇಲ್ವಿಚಾರಕ ಅತ್ತ ಹೋದ ಮೇಲೆ ನನ್ನ ಕಡೆ ತಿರುಗಿದರು.

‘ತಂಗಿ, ನಡು ಸಮುದ್ರದಾಗ ಇದು ಬಿಚ್ಚಿಕೊಂಡ್ರ ಒಳಗಿದ್ದ ಮಂದಿ ಯಾರನ್ನ ಕೇಳಬೇಕು? ಹೋಗಿ ನಂದ ತಪ್ಪ ಅಂತ ಹೇಳಿಬಿಡು. ನಾ ಬಾಜೂಕ ನಿಂದರ್ತೇನಿ.’

ನಿಂತರು ಕೂಡ. ದೊಡ್ಡ ಸಾಹೇಬರು ನನ್ನನ್ನು ಬೈದು ಮುಗಿಸುವವರೆಗೂ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಪಕ್ಕದಲ್ಲೇ ಇದ್ದರು. ನಡುವೆ ಪ್ಲೇಟಿಟ್ಟರೆ ಅದರ ಎರಡೂ ಅಂಚಿಗೆ ಬೆಸುಗೆ ಬೀಳುತ್ತದೆ, ಆ ಬೆಸುಗೆಗಳು ತೀರ ಹತ್ತಿರವಿರಬಾರದು; ಹಾಗಾಗಿ ಹೆಬ್ಬೆರಳಿನ ಸಂದಿಗಾಗಿ ಒಂದಡಿಗೂ ಹೆಚ್ಚು ಅಗಲ ಕತ್ತರಿಸಿ ತೆಗೆದು ಹೊಸ ಪ್ಲೇಟು ಕೂರಿಸಬೇಕಾಯಿತು. ಕಾಕಾ ಬೇರೆಯವರಿಗೆ ಬಿಡದೆ ತಾವೇ ಬೆಸೆದರು, ತಲೆಯ ಮೇಲೆ ಕಿಡಿ ಸುರಿಯುವ ತಳದಡಿ ಅಂಗಾತ ಮಲಗಿ. ಹಡಗು ಮೂರು ವಾರ ತಡವಾಗಿ ನೀರಿಗಿಳಿಯಿತು. ನನ್ನ ಬಡ್ತಿಯೂ ಹೋಯಿತು. ಹೋದರೆ ಹೋಗಲಿ ಎಂದುಕೊಂಡೆ. ಹಾಗೆ ಅನ್ನುವ ಧೈರ್ಯ ನನಗೆ ಬಂದದ್ದು ಅವರಿಂದಲೇ.

ನಿವೃತ್ತರಾದ ಮೇಲೆ ಕಾಕಾ ಊರ ಕಡೆ ಮರಳಿ ಕೊಣ್ಣೂರಿನ ರಸ್ತೆಯಲ್ಲಿ ಶೆಡ್ಡು ಹಾಕಿ ಕಬ್ಬಿನ ಟ್ರಾಲಿ ಬೆಸೆಯುತ್ತಿದ್ದರು. ನಾನು ಹೋದ ದಿನ ಒಬ್ಬ ರೈತ, ಬಿರುಕಿನ ಮೇಲೆ ಒಂದು ತೇಪೆ ಹಚ್ಚಿ ಕೊಡಿ ಸಾಕು ಎಂದು ಗೋಗರೆಯುತ್ತಿದ್ದ. ಕಾಕಾ ಒಪ್ಪದೆ ಬಿರುಕನ್ನು ಬುಡದವರೆಗೆ ಕೆತ್ತುತ್ತಲೇ ಇದ್ದರು. ಈ ಮನುಷ್ಯ ಬದಲಾಗುವುದಿಲ್ಲ ಎಂದು ಖುಷಿಯಾಯಿತು. ಚಹಾ ಕುಡಿಸಿ, ಬೀಳ್ಕೊಡುವಾಗ ಒಂದೇ ಮಾತು ಹೇಳಿದರು.

‘ಆ ಹಡಗ ತಿರುಗಿ ರಿಪೇರಿಗೆ ಬಂದಾಗ ತಳಕ್ಕ ಇಳಿದು ನೋಡು. ನೋಡಿ ನನಗ ಹೇಳು.’

ಐದನೆಯ ವರ್ಷ ಹಡಗು ಬಂತು. ಅಷ್ಟರಲ್ಲಿ ಕಾಕಾ ತೀರಿಕೊಂಡು ಎಂಟು ತಿಂಗಳಾಗಿತ್ತು. ಚಿಪ್ಪು, ಪಾಚಿ ಕೆರೆದು ತೆಗೆದ ತಳದಡಿ ಬಗ್ಗಿಕೊಂಡು ಹೋದೆ. ಬೆಸುಗೆಯ ಒಂದು ಗೆರೆ ಇರಬೇಕಾದಲ್ಲಿ ಎರಡಿದ್ದವು. ನನ್ನ ತಪ್ಪು ಬಲ್ಲವರಿಗೆಲ್ಲ ಕಾಣುವಂತೆ ಅಲ್ಲೇ ಇತ್ತು. ಕೈಗವಸು ಕಳಚಿ, ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದೆ. ಕೂದಲೆಳೆಯಷ್ಟೂ ಬಿರುಕಿಲ್ಲ. ಹೇಳು ಎಂದವರು ಇರಲಿಲ್ಲ; ಆದರೂ ಆ ಕಬ್ಬಿಣದ ಹೊಟ್ಟೆಯ ಕೆಳಗೆ ನಿಂತು ಜೋರಾಗಿಯೇ ಹೇಳಿದೆ.

‘ಹೂಂ, ಕಾಕಾ.’