ಟೈಫಾಯಿಡ್ ಎಂದು ಬರೆದ ರಜೆ

ಆ ಅರ್ಜಿಯನ್ನು ನಾನು ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ, ಊಟದ ಮೇಜಿನ ಮೇಲೆ ಬರೆದೆ. ಹೆಂಡತಿ ಒಳಕೋಣೆಯಲ್ಲಿ ಮಗಳಿಗೆ ಹಾಲು ಕುಡಿಸುತ್ತಿದ್ದಳು. 'ನನಗೆ ಟೈಫಾಯಿಡ್ ಜ್ವರ ಬಂದಿರುವುದರಿಂದ ಹದಿನೈದು ದಿನ ರಜೆ ಮಂಜೂರು ಮಾಡಬೇಕೆಂದು ವಿನಂತಿ.' ನನಗೆ ಜ್ವರ ಇರಲಿಲ್ಲ. ನೆಗಡಿಗೆ ಹದಿನೈದು ದಿನ ಸಿಗುವುದಿಲ್ಲ. ಕಾಲು ಮುರಿಯಿತೆಂದರೆ ಆಮೇಲೆ ಕುಂಟಬೇಕಾಗುತ್ತದೆ. ಹೀಗೆ ಒಂದೊಂದನ್ನೇ ಬಿಟ್ಟು ಟೈಫಾಯಿಡ್‌ಗೆ ಬಂದು ನಿಂತಿದ್ದೆ. ಸುಳ್ಳು ಬರೆದದ್ದಕ್ಕಿಂತ, ಅದನ್ನು ಅಷ್ಟು ಸಮಾಧಾನದಿಂದ ಆರಿಸಿದ್ದು ಇವತ್ತಿಗೂ ನನ್ನನ್ನು ಅಲುಗಾಡಿಸುತ್ತದೆ.

ನಿಜವಾದ ಕಾರಣ ಸರಳವಾಗಿತ್ತು. ಹೆಂಡತಿ ಹುಬ್ಬಳ್ಳಿಯ ಒಂದು ಖಾಸಗಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮಗಳಿಗೆ ಐದು ತಿಂಗಳಾಗಿತ್ತು. ಲ್ಯಾಬಿನ ಮಾಲೀಕರು ಫೋನು ಮಾಡಿ ಬಹಳ ಪ್ರೀತಿಯಿಂದಲೇ ಹೇಳಿದ್ದರು: "ಸೋಮವಾರ ಬರ್ರಿ ತಂಗಿ. ಆಗೂದಿಲ್ಲ ಅಂದ್ರ ಬ್ಯಾಸರ ಇಲ್ಲ, ಬ್ಯಾರೆಯವರನ್ನ ನೋಡ್ತೇನಿ. ತಾಯಿ ಆದ ಮ್ಯಾಲೆ ನಿಮಗೂ ಆರಾಮ ಬೇಕಲ್ಲ." ಮಗುವನ್ನು ನೋಡಿಕೊಳ್ಳಲು ಹೆಬ್ಬಳ್ಳಿಯಿಂದ ಅತ್ತೆ ಬರಬೇಕಿತ್ತು. ಅವರು ತಿಂಗಳ ಹಿಂದೆ ಹಿತ್ತಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಿದ್ದರು. ಪ್ಲಾಸ್ಟರ್ ಪಟ್ಟಿ ಬಿಚ್ಚಲು ಇನ್ನೂ ಎರಡು ವಾರ ಬೇಕಿತ್ತು. ಆ ಎರಡು ವಾರ ಯಾರಾದರೂ ಮನೆಯಲ್ಲಿ ಇರದಿದ್ದರೆ ಹೆಂಡತಿಯ ಕೆಲಸ ಹೋಗುತ್ತಿತ್ತು.

ಧಾರವಾಡದಲ್ಲಿರುವ ನಮ್ಮ ಕಚೇರಿಯಲ್ಲಿ ಮಗು ಹುಟ್ಟಿದ ಆರು ತಿಂಗಳೊಳಗೆ ಗಂಡಸರಿಗೂ ಹದಿನೈದು ದಿನ ಪಿತೃತ್ವ ರಜೆ ಉಂಟು. ಅದು ನನಗೆ ಗೊತ್ತಿತ್ತು. ಹೆಂಡತಿಗೂ ಗೊತ್ತಿತ್ತು. "ಅದನ್ನ ತೊಗೋರಿ, ನಾ ಹೋಗಿ ಬರ್ತೇನಿ" ಎಂದಿದ್ದಳು. "ಹಂಗ ಬರದೇನಿ" ಎಂದೆ. ಅದು ಎರಡನೆಯ ಸುಳ್ಳು.

ಏಕೆ ಬರೆಯಲಿಲ್ಲ ಎಂಬುದನ್ನೂ ಹೇಳಬೇಕು. ಮೂರು ವರ್ಷಗಳ ಹಿಂದೆ ನನ್ನ ಪಕ್ಕದ ಮೇಜಿನ ಗೆಳೆಯನ ಹೆಂಡತಿಗೆ ದಿನ ತುಂಬಿದ್ದವು. ಊಟದ ಹೊತ್ತಿನಲ್ಲಿ ಅವನು ಮೆಲ್ಲಗೆ, ಈ ರಜೆಗೆ ಅರ್ಜಿ ಹೇಗೆ ಬರೆಯುತ್ತಾರೆ ಎಂದು ಕೇಳಿದ. ನಾನು ಜೋರಾಗಿ ಹೇಳಿದೆ: "ಹಡಿಯಾಂವ ನೀನೋ, ನಿನ್ನ ಹೆಂಡ್ತೀನೋ? ಕುಬಸಾ ಯಾವಾಗ ಮಾಡೂಣು ಹೇಳಲೇ, ಎಲ್ಲಾರೂ ಕೂಡಿ ನಿನಗ ಉಡಿ ತುಂಬತೇವಿ." ಬಸುರಿಗೆ ಮಾಡುವ ಸೀಮಂತ ಗಂಡಸಿಗೆ ಎಂದು ಸುತ್ತ ಕೂತವರೆಲ್ಲ ನಕ್ಕರು. ಅವನೂ ನಕ್ಕ. ಮುಂದಿನ ವಾರ ಅವನಿಂದ ಬಂದ ಅರ್ಜಿಯಲ್ಲಿ ಹೊಟ್ಟೆನೋವು ಎಂದಿತ್ತು. ಅಂದಿನಿಂದ ಆ ಮಾತು ನಮ್ಮ ಕಚೇರಿಯಲ್ಲಿ ಉಳಿದುಬಿಟ್ಟಿತು; ಯಾರ ಮನೆಯಲ್ಲಿ ಮಗು ಹುಟ್ಟಿದರೂ ಯಾರಾದರೊಬ್ಬರು ಅದನ್ನೇ ಹೇಳುತ್ತಿದ್ದರು. ಈಗ ನನ್ನ ಸರದಿ. ನನ್ನ ಮಾತಿಗೆ ನಾನೇ ಹೆದರಿ ಟೈಫಾಯಿಡ್ ತಂದುಕೊಂಡಿದ್ದೆ.

ಒಂದನ್ನು ಮರೆತಿದ್ದೆ. ನಮ್ಮ ಕಡೆ ಟೈಫಾಯಿಡ್ ಎಂದರೆ ಜನ ರೋಗಿಯನ್ನು ಮಾತಾಡಿಸಲು ಮನೆಗೆ ಬರುತ್ತಾರೆ.

ನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತರ ಸುಮಾರು. ಹೆಂಡತಿ ಆಗಲೇ ಲ್ಯಾಬಿಗೆ ಹೋಗಿದ್ದಳು. ನಾನು ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಅದರ ಮೇಲೆ ಮಗಳನ್ನು ಮಲಗಿಸಿಕೊಂಡು ಎರೆಯುತ್ತಿದ್ದೆ. ಮೈತುಂಬ ಸೋಪು ಹಚ್ಚಿಯಾಗಿತ್ತು. ಮುಂಬಾಗಿಲಲ್ಲಿ "ಮನ್ಯಾಗ ಯಾರದಾರ್ರಿ?" ಎಂದು ಹೆಣ್ಣಿನ ದನಿ ಕೇಳಿತು. ಪಕ್ಕದ ಮನೆಯ ಅಜ್ಜಿ ಇರಬೇಕೆಂದು, "ಬಾಗಲಾ ತಗದೈತಿ, ಒಳಗ ಬರ್ರಿ" ಎಂದು ಕೂಗಿದೆ.

ದನಿಯ ಜಾಡಿನಲ್ಲಿ ಬಚ್ಚಲ ಬಾಗಿಲವರೆಗೆ ಬಂದವರು ನಮ್ಮ ವಿಭಾಗದ ಅಧೀಕ್ಷಕಿ ಮೇಡಂ, ಅವರ ಹಿಂದೆ ಪಕ್ಕದ ಮೇಜಿನ ಅದೇ ಗೆಳೆಯ. ಇಬ್ಬರೂ ಹುಬ್ಬಳ್ಳಿಯವರು. ಕಚೇರಿಗೆ ಹೋಗುವ ದಾರಿಯಲ್ಲಿ ಬಸ್ಸಿನಿಂದ ಇಳಿದು ಬಂದಿದ್ದರು. ಮೇಡಂ ಕೈಯಲ್ಲಿ ಮೋಸಂಬಿಯ ಚೀಲ, ಅವನ ಕೈಯಲ್ಲಿ ಬ್ರೆಡ್ಡು. ನನಗೆ ಏಳಲು ಬರುವಂತಿರಲಿಲ್ಲ. ಮಗಳು ಕಾಲ ಮೇಲಿದ್ದಳು.

ಮೇಡಂ ಸ್ವಲ್ಪ ಹೊತ್ತು ನಿಂತು ನೋಡಿದರು. "ಜ್ವರ ಹೆಂಗೈತ್ರಿ?" ಎಂದರು.

"ಮೇಡಮ್ಮರ, ಅದು..." ಎಂದೆ. ಅಷ್ಟರಲ್ಲಿ ಸೋಪು ಕಣ್ಣಿಗೆ ಹೋಗಿ ಮಗಳು ಚೀರಿದಳು. ಗಾಬರಿಗೆ ನನ್ನ ಮೊಣಕಾಲುಗಳು ಅಗಲವಾದವು. ಮಗಳು ಅವುಗಳ ನಡುವೆ ಕೆಳಕ್ಕೆ ಸರಿದಳು.

"ಕಾಲು ಕೂಡ್ಸಲೇ, ಕೂಡ್ಸು!" ಎಂದು ಗೆಳೆಯ ಬ್ರೆಡ್ಡನ್ನು ಮೇಡಂ ಕೈಗಿಟ್ಟು ಒಳಗೆ ಬಂದ. ಒಂದು ಕೈ ಮಗಳ ಕತ್ತಿನ ಹಿಂದೆ, ಒಂದು ಕೈ ಬೆನ್ನಿನ ಕೆಳಗೆ ಇಟ್ಟು ಎತ್ತಿಕೊಂಡ. "ಏಳು, ಅತ್ತಾಗ ಸರಿ." ಮಗಳನ್ನು ಒಂದು ಕೈಗೆ ಒರಗಿಸಿಕೊಂಡು, ಇನ್ನೊಂದರಿಂದ ಪ್ಯಾಂಟನ್ನು ಮೊಣಕಾಲಿನವರೆಗೆ ಏರಿಸಿ ಮಣೆಯ ಮೇಲೆ ಕೂತ. ಮಗಳನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, "ಮಾರಿ ಮ್ಯಾಲೆ ನೀರು ಸುರವ್ತಾರೇನು? ಹಣಿಗೆ ಕೈ ಅಡ್ಡ ಹಿಡಿ, ಹಿಂದಿನಿಂದ ಹಾಕು" ಎಂದ. ನಾನು ಚೆಂಬು ಹಿಡಿದು ಅವನು ಹೇಳಿದಂತೆ, ಮುಖಕ್ಕೆ ತಾಗದ ಹಾಗೆ ನೀರು ಹಾಕಿದೆ. ಮಗಳು ಸುಮ್ಮನಾದಳು.

"ಎಲ್ಲೆ ಕಲ್ತೀ ಇದನ್ನ?" ಎಂದು ಕೇಳಿದೆ.

"ನನಗ ಹೊಟ್ಟಿಬ್ಯಾನಿ ಬಂದಿತ್ತಲ್ಲ, ಆವಾಗ" ಎಂದ.

ಆ ಹೊಟ್ಟೆನೋವಿನ ಮಾತನ್ನು ಅವನು ಕೊಂಕಿನಿಂದ ಹೇಳಲಿಲ್ಲ. ತಲೆ ಎತ್ತಿ ನನ್ನನ್ನು ನೋಡಲೂ ಇಲ್ಲ. ಮಗಳ ಕಿವಿಯ ಹಿಂದಿನ ಸೋಪು ತೊಳೆಯುತ್ತಿದ್ದ. ಆ ಹಳೆಯ ಮಾತನ್ನು ನನಗೆ ತಿರುಗಿಸಿ ಹೇಳಲು ಅವನಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಕಾಯುತ್ತಿದ್ದೆ. ಅವನು ಟವೆಲ್ ಕೇಳಿದ.

ಹೊರಗೆ ಬಂದಾಗ ಮೇಡಂ ಊಟದ ಮೇಜಿನ ಬಳಿ ಕೂತಿದ್ದರು. "ನಿಮ್ಮ ಅರ್ಜಿ ನನ್ನ ಡ್ರಾವರ್‌ನಾಗ ಐತಿ, ಇನ್ನೂ ಮುಂದ ಕಳಿಸಿಲ್ಲ. ಸುಳ್ಳಿಗೆ ನಾ ಸಹಿ ಮಾಡೂದಿಲ್ರಿ. ಇವತ್ತ ಬಂದು ಹಾಜರಾಗ್ರಿ, ಇಲ್ಲಾ ಖರೇ ಕಾರಣ ಬರೀರಿ. ಆ ರಜಾ ನಿಮ್ಮದ ಐತಿ."

ಹಾಜರಾದರೆ ಹೆಂಡತಿ ಮನೆಯಲ್ಲಿ ಕೂರಬೇಕು. ಇಷ್ಟು ಗೊತ್ತಿದ್ದೂ ನಾನು ತಕ್ಷಣ ಪೆನ್ನು ಹುಡುಕಲಿಲ್ಲ. "ಆ ಕಾಗದ ನಾಕ ಮೇಜು ದಾಟಿ ಹೋಗ್ತೈತ್ರಿ ಮೇಡಮ್ಮರ. ಎಲ್ಲಾರೂ ಓದ್ತಾರ" ಎಂದೆ. ಹಾಗೆ ಹೇಳಿದ್ದನ್ನು ಬಚ್ಚಿಡಲಾರೆ.

ಮೇಡಂಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಬಾಣಂತನದ ರಜೆಯನ್ನು ಅವರು ಎರಡು ಸಲ ತೆಗೆದುಕೊಂಡವರು. "ನಮಗ ಟೈಫಾಯಿಡ್ ಅಂತ ಬರೀಲಿಕ್ಕೆ ಬರ್ತಿತ್ತೇನ್ರಿ?" ಎಂದರು. "ಹೊಟ್ಟಿ ಎದ್ದು ಕಾಣತಿತ್ತು. ಅಂದವರ ಮುಂದನ ಅಡ್ಡಾಡಿದ್ವಿ."

ಗೆಳೆಯ ಒಂದು ಹಾಳೆ ಹುಡುಕಿ ತಂದ. ಮೇಡಂ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. 'ನನ್ನ ಐದು ತಿಂಗಳ ಮಗಳನ್ನು ನೋಡಿಕೊಳ್ಳಬೇಕಾಗಿರುವುದರಿಂದ' ಎಂದು ಬರೆದೆ. ಕೈ ಇನ್ನೂ ಹಸಿಯಾಗಿತ್ತು, ಹಾಳೆ ಒದ್ದೆಯಾಗಿ ಅಕ್ಷರ ಹರಡಿತು. ಹಿಂದಿನ ಅರ್ಜಿ ಎಷ್ಟು ಚೆಂದದ ಅಕ್ಷರದಲ್ಲಿತ್ತು! ಮೇಡಂ ಹೊಸ ಅರ್ಜಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಗೆಳೆಯನೊಂದಿಗೆ ಹೊರಟರು. ಅವರು ನಿಜಕ್ಕೂ ಜ್ವರ ನೋಡಲು ಬಂದಿದ್ದರೋ, ಮೊದಲೇ ಅನುಮಾನವಿತ್ತೋ, ನಾನು ಕೇಳಲಿಲ್ಲ. ನನಗೆ ನೋಟೀಸು ಕೊಡಬಹುದಾಗಿದ್ದವರು ಮೋಸಂಬಿ ಕೊಟ್ಟು ಹೋದರು.

ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಹೆಗಲ ಚೀಲ ಇಳಿಸಿ ಮೇಜಿನ ಮೇಲಿಟ್ಟಳು. ಆಮೇಲೆ, "ನನ್ನ ಗಂಡ ಕೂಸಿನ ಸಲುವಾಗಿ ರಜಾ ಹಾಕ್ಯಾನ ಅಂತ ನಾ ನಾಕ ದಿನದಿಂದ ಲ್ಯಾಬಿನ್ಯಾಗ ಹೇಳ್ಕೊಂತ ಅಡ್ಡಾಡೇನ್ರಿ" ಎಂದಳು. ನಾನು ಮೋಸಂಬಿಯ ಚೀಲ ತಂದು ಅವಳ ಮುಂದಿಟ್ಟೆ. "ಇವತ್ತಿನಿಂದರ ಅದು ಖರೇ ಆತಲ್ಲ" ಎಂದು ಅವಳೇ ಮೋಸಂಬಿ ಸುಲಿಯಲು ಕೂತಳು.

ಅತ್ತೆಯ ಪಟ್ಟಿ ಬಿಚ್ಚಿದ ಮೇಲೆ ಕಚೇರಿಗೆ ಹೋದೆ. ಊಟದ ಹೊತ್ತಿಗೆ ಒಬ್ಬರು ಕೇಳಿಯೇ ಬಿಟ್ಟರು: "ಏನ್ರೀ ಬಾಣಂತಿ, ಹಡದಾಂವ ನೀವೋ, ನಿಮ್ಮ ಹೆಂಡ್ತಿಯೋ?" ನಗು ಎದ್ದಿತು. ಅದು ಅಡಗಲೆಂದು ಕಾದೆ. "ಆ ಮಾತು ನಂದು. ಇವನಿಗೆ ಅಂದಿದ್ದೆ. ತಪ್ಪಾತು" ಎಂದು ಗೆಳೆಯನ ಕಡೆ ತಿರುಗಿ ಹೇಳಿದೆ. ದನಿ ಅಂದುಕೊಂಡಷ್ಟು ಗಟ್ಟಿಯಾಗಿ ಬರಲಿಲ್ಲ.

ಗೆಳೆಯ ಡಬ್ಬಿಯಿಂದ ಬದನೆಕಾಯಿ ಪಲ್ಯವನ್ನು ನನ್ನ ರೊಟ್ಟಿಯ ಮೇಲೆ ಹಾಕಿದ. "ಉಣ್ಣು. ಈಗರ ಮಾರಿ ಮ್ಯಾಲೆ ನೀರು ಸುರವೂದು ಬಿಟ್ಟೀಯಿಲ್ಲೋ?" ಎಂದು ಕೇಳಿದ.

ಬಿಟ್ಟಿದ್ದೇನೆ ಎಂದೆ. ಹೆಂಡತಿ ಆಗ ಲ್ಯಾಬಿನಲ್ಲಿ, ತನ್ನ ಮೇಜಿನ ಮುಂದೆ ಇದ್ದಳು.