ಬಿಸ್ಕಿಟ್ ಬೆನ್ನಿನ ಅಳತೆ

ಟೆಕ್ಸಸ್‌ನ ಶುಗರ್ ಲ್ಯಾಂಡಿನ ಕನ್ನಡದ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುವ ಕುಮುದಾ, ನಲವತ್ತಾರರ ವಯಸ್ಸಿನಲ್ಲಿ ಕುದುರೆ ಓಡಿಸುತ್ತಾಳೆ ಎಂದರೆ ನಂಬುವವರು ಕಡಿಮೆ. ನಂಬಿದವರು ನಗುತ್ತಿದ್ದರು. ನಗಲಿ ಬಿಡಿ, ಅವರ ಗಂಟೇನು ಹೋಯಿತು! ಶುರುವಾದದ್ದು ಮಗಳು ಸಿಯಾಳಿಂದ. ಹತ್ತು ಕುದುರೆ ಸವಾರಿ ಕ್ಲಾಸಿಗೆ ದುಡ್ಡು ಕಟ್ಟಿಸಿಕೊಂಡ ಆ ಹುಡುಗಿ ಏಳನೆಯದಕ್ಕೇ "ಐ ಆಮ್ ಡನ್, ಅಮ್ಮಾ" ಎಂದು ಕೈ ಒದರಿಬಿಟ್ಟಳು. ಕಟ್ಟಿದ ದುಡ್ಡು ನೀರುಪಾಲಾಗುವುದನ್ನು ಮೈಸೂರಿನ ಯಾವ ಹೆಂಗಸು ಸಹಿಸುತ್ತಾಳೆ ಹೇಳಿ? ಉಳಿದ ಮೂರು ಕ್ಲಾಸಿಗೆ ಕುಮುದಾ ತಾನೇ ಹೋದಳು. ಮೊದಲ ದಿನ ಜೀವ ಬಾಯಿಗೆ ಬಂದಿತ್ತು. ಮೂರನೆಯ ದಿನ ಕುದುರೆಯಿಂದ ಇಳಿಯಲು ಮನಸ್ಸೇ ಬರಲಿಲ್ಲ.

ಅದಾಗಿ ಆರು ವರ್ಷ. ಈಗ ಅವಳಿಗೆ ತನ್ನದೇ ಒಂದು ಕಂದು ಹೆಣ್ಣುಕುದುರೆ ಇತ್ತು, ಹೆಸರು ಬಿಸ್ಕಿಟ್. ಊರ ಹೊರಗೆ ಡಾರ್ಲೀನ್ ಎಂಬಾಕೆಯ ಲಾಯದಲ್ಲಿ ಅದನ್ನು ಬಿಟ್ಟಿದ್ದಳು. ಅಲ್ಲಿಯ ಆಟ ಬ್ಯಾರಲ್ ರೇಸು: ಮೈದಾನದಲ್ಲಿ ಮೂರು ಪೀಪಾಯಿ ಇಟ್ಟಿರುತ್ತಾರೆ, ಒಂದೊಂದನ್ನೂ ಸುತ್ತಿ, ಬೀಳಿಸದೆ, ಯಾರು ಬೇಗ ಬಾಗಿಲಿಗೆ ಮರಳುತ್ತಾರೋ ಅವರು ಗೆದ್ದರು. ಕುಮುದಾ ಒಂದು ಸಲವೂ ಗೆದ್ದಿರಲಿಲ್ಲ. ಆದರೆ ಆ ಹದಿನೆಂಟು ಸೆಕೆಂಡು ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಆಂಟಿಯೂ ಅಲ್ಲ. ಅಷ್ಟು ಸಾಕಾಗಿತ್ತು ಅವಳಿಗೆ.

೨೦೦೪ರ ಅಕ್ಟೋಬರಿನಲ್ಲಿ ಬಿಸ್ಕಿಟ್ ಕೆಟ್ಟುಹೋಯಿತು. ಜೀನು ಬಿಗಿಯಲು ಹೋದರೆ ಕಚ್ಚುವುದು, ಪೀಪಾಯಿ ಕಂಡರೆ ಮುಂಗಾಲೆತ್ತಿ ನಿಲ್ಲುವುದು. ಒಂದು ದಿನ ಒದ್ದ ಏಟಿಗೆ ಲಾಯದ ಬಾಗಿಲೇ ಸೀಳಿತು.

"ಇಲ್ಲಿ ಮಕ್ಕಳು ಓಡಾಡ್ತಾರೆ ಕುಮುದಾ," ಎಂದಳು ಡಾರ್ಲೀನ್. "ತಿಂಗಳ ಕೊನೆಯವರೆಗೆ ನೋಡ್ತೀನಿ. ಸರಿಹೋಗದಿದ್ದರೆ ಹರಾಜಿಗೆ ಕಳಿಸು."

ಹರಾಜಿಗೆ ಹೋದ ಒದೆಯುವ ಕುದುರೆಯನ್ನು ಕೊಳ್ಳುವವರು ಯಾರು? ಕಸಾಯಿಖಾನೆಯವರು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಕುಮುದಾ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಬಿಸ್ಕಿಟ್‌ನ ಹೆಗಲನ್ನು ಬೆರಳಿನಿಂದ ಒತ್ತಿ ನೋಡಿದಳು. ಕುದುರೆ ಚರ್ಮ ನಡುಗಿಸಿ ಪಕ್ಕಕ್ಕೆ ಸರಿಯಿತು. ಆ ಮುಖ ಅವಳಿಗೆ ಗೊತ್ತಿತ್ತು. ಕಂಕುಳಲ್ಲಿ ಹಿಡಿಯುವ ರವಿಕೆ ತೊಟ್ಟು ಮದುವೆಮನೆಯಲ್ಲಿ ನಗುತ್ತ ನಿಂತವಳ ಮುಖ ಅದು. ಇದು ಕೆಟ್ಟ ಕುದುರೆಯಲ್ಲ, ಮೈ ತುಂಬಿಕೊಂಡಿದೆ, ಜೀನು ಇರುಕಾಗಿದೆ, ಅಷ್ಟೇ!

ಹೊಸ ಜೀನನ್ನು ಅಳತೆ ಕೊಟ್ಟು ಮಾಡಿಸುವಷ್ಟು ದುಡ್ಡಿರಲಿಲ್ಲ. ಆಸ್ಟಿನ್‌ನಲ್ಲಿ ಯಾರೋ ಮನೆ ಖಾಲಿ ಮಾಡುತ್ತಿದ್ದವರ ಬಳಿ ಹಳೆಯದೊಂದು ಅಗ್ಗಕ್ಕೆ ಸಿಕ್ಕಿತು. ಕೊಂಚ ಬಿಗಿ ಎಂದು ಕಣ್ಣಿಗೇ ಕಾಣುತ್ತಿತ್ತು, ಆದರೂ ತಂದಳು. ಬಿಗಿಯಾದರೇನು, ಬಿಚ್ಚಿ ಸಡಿಲ ಮಾಡಿದರಾಯಿತು. ಮೂವತ್ತು ವರ್ಷ ಅವಳು ಮಾಡಿದ್ದೇ ಅದನ್ನು. ದೀಪಾವಳಿಗೆ ಕೊಡಬೇಕಾದ ರವಿಕೆಗಳನ್ನು ಪಕ್ಕಕ್ಕೆ ತಳ್ಳಿ, ಜೀನನ್ನು ಮೇಜಿನ ಮೇಲೆ ಬೋರಲು ಹಾಕಿ, ಕೆಳಗಿನ ಉಣ್ಣೆಯ ಹೊಲಿಗೆಯನ್ನು ಬಿಚ್ಚಿದಳು. ಒಳಗೆ ಬಟ್ಟೆಯಿಲ್ಲ, ಮಡಿಕೆಯಿಲ್ಲ. ಮರ! ಕಮಾನಿನ ಹಾಗೆ ಕೆತ್ತಿ ಚರ್ಮ ಬಿಗಿದ ಗಟ್ಟಿ ಮರ.

ಎಣ್ಣೆ ಕಂಪನಿಗಳಿರುವ ಎನರ್ಜಿ ಕಾರಿಡಾರಿನ ಆಫೀಸಿನಿಂದ ಆಗಷ್ಟೇ ಬಂದ ಗಂಡ ಪ್ರಭಂಜನ ಬಾಗಿಲಲ್ಲೇ ನಿಂತ.

"ಏನೇ ಇದು, ಕುದುರೆಗೆ ರವಿಕೆ ಹೊಲಿಯೋಕೆ ಹೊರಟಿದೀಯಾ?"

"ಹೌದು ರೀ, ಹೊಲಿತೀನಿ! ನಿಮಗೂ ಒಂದು ಹೊಲಿದುಕೊಡ್ಲಾ?" ಎಂದು ರೇಗಿದವಳು, ಮರುಕ್ಷಣ ಆ ಮರದ ಮೇಲೆ ತಲೆಯಿಟ್ಟು ಬಿಕ್ಕಿದಳು. ದುಡ್ಡೂ ಹೋಯಿತು, ಎರಡು ವಾರವೂ ಹೋಯಿತು.

ಪ್ರಭಂಜನ ಪೆಚ್ಚಾದ. ಸ್ವಲ್ಪ ಹೊತ್ತು ಬಿಟ್ಟು ಕಾಫಿ ತಂದಿಟ್ಟು, "ಸಡಿಲ ಮಾಡೋಕಾಗಲ್ಲ ಅಂದ್ರೆ ಮೊದಲೇ ಅಳತೆ ತಗೊಂಡು ಹುಡುಕಬೇಕು, ಅಲ್ವಾ?" ಎಂದ. ಎಂಜಿನಿಯರ್ ಬುದ್ಧಿ. ಅವಳಿಗೆ ಸಿಟ್ಟು ಬಂತು, ತನಗೇ ಹೊಳೆಯಬೇಕಾದ ಮಾತು ಅವನ ಬಾಯಿಂದ ಬಂತಲ್ಲ ಎಂದು.

ಮರುದಿನ ಬಟ್ಟೆ ನೇತುಹಾಕುವ ತಂತಿಯನ್ನು ಬಿಸ್ಕಿಟ್ ಹೆಗಲ ಮೇಲೆ ಬಗ್ಗಿಸಿ ಅಳತೆ ತೆಗೆದಳು. ನಿಂತಾಗ ಒಂದು, ಮುಂಗಾಲನ್ನು ಎತ್ತಿ ಮುಂದಕ್ಕೆಳೆದಾಗ ಇನ್ನೊಂದು. ರವಿಕೆಯಾದರೆ ಕೈ ಎತ್ತಿದಾಗಲೂ ಹಿಡಿಯಬಾರದಲ್ಲ! ಎರಡನ್ನೂ ರಟ್ಟಿನಲ್ಲಿ ಕತ್ತರಿಸಿಕೊಂಡಳು. ಪ್ರಭಂಜನನೇ ಕಂಪ್ಯೂಟರಿನಲ್ಲಿ ಜಾಹೀರಾತು ಹುಡುಕಿದ, ಶನಿವಾರ ಅವನೇ ಡಲ್ಲಾಸಿನ ದಾರಿ ಹಿಡಿದು ನಾಲ್ಕು ಗಂಟೆ ಡ್ರೈವ್ ಮಾಡಿದ. ಎರಡು ಅಂಗಡಿಯವರು ರಟ್ಟು ಹಿಡಿದು ಬಂದ ಹೆಂಗಸನ್ನು ನೋಡಿ ನಕ್ಕರು. ಅಲ್ಲಿದ್ದ ಒಂದೂ ಆಗಲಿಲ್ಲ. ಡಲ್ಲಾಸಿನ ಪಕ್ಕದ ಕ್ಯಾರಲ್ಟನ್ನಿನಿಂದಾಚೆಗೆ ಒಬ್ಬ ಮುದುಕ, ಕಾಲೇಜಿಗೆ ಹೋದ ಮೊಮ್ಮಗಳ ಜೀನನ್ನು ಮಾರುತ್ತಿದ್ದ. ಅವನು ನಗಲಿಲ್ಲ. ಜೀನನ್ನು ತಾನೇ ಬೋರಲು ಹಿಡಿದುಕೊಂಡ. ರಟ್ಟು ಕೂತಿತು. ಎರಡನೆಯದೂ ಕೂತಿತು, ಎಷ್ಟು ಬೇಕೋ ಅಷ್ಟೇ ಜಾಗ ಬಿಟ್ಟು. ಬೆಲೆಯೂ ಅವಳ ಕೈಗೆಟಕುವಂತಿತ್ತು.

"ನೀನೂ ಒಂದ್ಸಲ ಕೂತು ನೋಡಮ್ಮಾ," ಎಂದ ಮುದುಕ.

ಅಯ್ಯೋ, ಆ ವಿಷಯವೇ ತಲೆಗೆ ಬಂದಿರಲಿಲ್ಲ! ಮರದ ಕುದುರೆಯ ಮೇಲೆ ಜೀನಿಟ್ಟು ಹತ್ತಿದಳು. ಹದಿಮೂರರ ಹುಡುಗಿಗೆಂದು ಮಾಡಿದ ಜೀನು. ಮುಂದೆ ಹಿಡಿದುಕೊಳ್ಳಲು ಇರುವ ಕೊಂಬು ಹೊಟ್ಟೆಗೆ ಒತ್ತಿತು, ಹಿಂದಿನ ಅಂಚು ಬೆನ್ನಿಗೆ. ಉಸಿರು ಬಿಗಿಹಿಡಿದು, ಎಡಕ್ಕೆ ಬಲಕ್ಕೆ ಹೊರಳಿ ನೋಡಿದಳು. ಆಗುವುದಿಲ್ಲ. ಇದರಲ್ಲಿ ಕೂತು ಓಡಿಸುವುದು ಅವಳಿಂದ ಸಾಧ್ಯವೇ ಇಲ್ಲ.

"ಬೇಡ ಬಿಡು, ಬೇರೆ ನೋಡೋಣ," ಎಂದ ಪ್ರಭಂಜನ.

ತಿಂಗಳು ಮುಗಿಯಲು ಉಳಿದದ್ದು ಎಂಟೇ ದಿನ. ಕುಮುದಾ ಇಳಿದು, ಚೀಲದಿಂದ ದುಡ್ಡು ತೆಗೆದಳು.

ತಿಂಗಳ ಕೊನೆಯ ದಿನ ಡಾರ್ಲೀನ್ ಬೇಲಿಗೊರಗಿ ನಿಂತಿದ್ದಳು. ಕುಮುದಾ ಜೀನಿಟ್ಟು ಹೊಟ್ಟೆಪಟ್ಟಿ ಬಿಗಿದಳು. ಬಿಸ್ಕಿಟ್ ತಲೆ ತಿರುಗಿಸಿತು. ಇದೋ ಕಚ್ಚಿತು ಎಂದುಕೊಂಡಳು. ಅದು ಅವಳ ತೋಳನ್ನು ಮೂಸಿ, ದೊಡ್ಡದೊಂದು ಉಸಿರು ಬಿಟ್ಟು ಸುಮ್ಮನಾಯಿತು. ಲಾಯದಲ್ಲಿ ಕಲಿಯುವ ಹುಡುಗಿಯೊಬ್ಬಳನ್ನು ಕುಮುದಾ ತಾನೇ ಕೈಕೊಟ್ಟು ಹತ್ತಿಸಿದಳು. ಲಗಾಮು ಕೊಡುವಾಗ ಬೆರಳುಗಳು ಬಿಡಲಿಲ್ಲ. ಹುಡುಗಿ ಮೆಲ್ಲಗೆ ಎಳೆದುಕೊಳ್ಳಬೇಕಾಯಿತು.

ಮೊದಲ ಪೀಪಾಯಿ, ಎರಡನೆಯದು, ಮೂರನೆಯದು. ಕಿವಿ ಮುಂದೆ ಚಾಚಿ, ಧೂಳೆಬ್ಬಿಸಿ, ಬಿಸ್ಕಿಟ್ ಬಾಗಿಲಿಗೆ ಹಾರಿ ಬಂತು. ಕುಮುದಾ ಕೂರುತ್ತಿದ್ದಾಗ ಅದು ಒಮ್ಮೆಯೂ ಅಷ್ಟು ಜೋರಾಗಿ ಓಡಿರಲಿಲ್ಲ.

"ಇದು ಇಲ್ಲೇ ಇರಲಿ," ಎಂದಳು ಡಾರ್ಲೀನ್.

ಕುಮುದಾ ನಕ್ಕಳು, ಚಪ್ಪಾಳೆ ತಟ್ಟಿದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಗಂಡನ ಕಡೆಗೆ ವಾಲಿ, "ಹೊಟ್ಟೆ ಉರೀತಿದೆ ರೀ," ಎಂದಳು. ಕೆನ್ನೆ ತೋಯ್ದಿತ್ತು.

"ಗೊತ್ತು ಕಣೇ," ಎಂದು ಪ್ರಭಂಜನ ಅವಳ ಬೆನ್ನು ಸವರಿದ. "ಈಗ ನಿನಗೇನು ಮಾಡೋದು?"

"ನನ್ನ ಅಳತೆಗೂ ಬಿಸ್ಕಿಟ್ ಅಳತೆಗೂ ಆಗೋ ಜೀನು ಒಂದು ಎಲ್ಲೋ ಬಿದ್ದಿರುತ್ತೆ," ಎಂದು ಕುಮುದಾ ಮೂಗೊರೆಸಿಕೊಂಡಳು. "ಟೆಕ್ಸಸ್ ಏನು ಸಣ್ಣ ಊರಾ? ಮುಂದಿನ ಶನಿವಾರ ಬೇಗ ಎದ್ದೇಳಿ."